ಅಂಗಳ ಸಣ್ಣದಿದ್ದ ಕಂಪ್ಯೂಟರು

ಕುಂಯ್ ಎಂದು ಶುರುವಾಗಿ, ಗೊರ್ ಎಂದು ಏರಿ, ಕೊನೆಗೆ ಉಬ್ಬಸದವರು ಮೆಟ್ಟಿಲು ಹತ್ತಿ ನಿಂತಂತೆ ಏದುಸಿರು ಬಿಡುತ್ತಿದ್ದ ಆ ಫ್ಯಾನಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಮ್ಮ ಹಳೆ ಕಂಪ್ಯೂಟರಿನ ಫ್ಯಾನು. ನಿಪ್ಪಾಣಿಯ ನಮ್ಮ ಮನೆಯಲ್ಲಿ, ದೇವರ ಕೋಣೆಯ ಗೋಡೆಗೆ ಒತ್ತಿ ಹಾಕಿದ ಟೇಬಲ್ಲಿನ ಮೇಲೆ ಅದು ಕೂತಿತ್ತು. ಗೋಡೆಯ ಆಚೆ ಅಕ್ಕ ಸಾಮಾಯಿಕದ ಧ್ಯಾನಕ್ಕೆ ಕೂತಿರುತ್ತಿದ್ದಳು, ಈಚೆ ನಾನು ವಿಡಿಯೊ ಕತ್ತರಿಸುತ್ತ. ಧ್ಯಾನ ಮುಗಿಸಿ ಎದ್ದು ಬಂದವಳು, "ಟೀಚರಬಾಯಿ, ನಿನ್ನ ಡಬ್ಬಿಗೆ ದಮ್ಮ ಹತ್ತೇತಿ. ಒಂದೀಟ ನೀರರ ಕುಡಸ" ಎನ್ನುತ್ತಿದ್ದಳು.

ಅಕ್ಕ ಎಂದರೆ ಒಡಹುಟ್ಟಿದ ಅಕ್ಕನಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ತಂಬಾಕಿನ ವ್ಯಾಪಾರದ ಈ ಜೈನ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಒಳಗೆ ಬರಲಾ?" ಎಂದು ಪರ್ಮಿಶನ್ ಕೇಳಿದ್ದೆನಂತೆ. ಸಿಸ್ಟರ್ಸ್ ಕಲಿಸಿದ ಮ್ಯಾನರ್ಸ್. ಅದನ್ನು ಅಕ್ಕ ಬೀಗರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು. ಆದರೆ ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕು, ಅತ್ತೆ ಮುಖ ಗಂಟಿಕ್ಕಿಕೊಂಡು ಕೂತಾಗ, "ಆಕಿ ಪುಸ್ತಕ ಆಕಿ ನೋಡ್ಲಿ, ಒಲಿ ನಾ ನೋಡ್ತೀನಿ" ಎಂದವಳೂ ಅವಳೇ. ನನ್ನ ಸರ್ವಿಸ್ ಮುಗಿಯುವವರೆಗೆ ಕುಡಿಯುವ ನೀರು ಸೋಸಿದ್ದು, ಹಿಟ್ಟು ನಾದಿದ್ದು, ಹೊತ್ತು ಮುಳುಗುವುದರೊಳಗೆ ಮನೆಮಂದಿಗೆಲ್ಲ ಊಟಕ್ಕೆ ಹಾಕಿದ್ದು ಎಲ್ಲ ಅವಳೇ. ನಾನು ಪೇಪರ್ ಕರೆಕ್ಷನ್ ಮಾಡುತ್ತ ಕೂತರೆ ತಾಟು ನಾನಿದ್ದಲ್ಲಿಗೇ ಬರುತ್ತಿತ್ತು. ಕಾನ್ವೆಂಟಿನಲ್ಲಿ ಪೆನ್ಸಿಲ್ ಎತ್ತಿಕೊಟ್ಟವರಿಗೂ ಥ್ಯಾಂಕ್ ಯು ಹೇಳಬೇಕಿತ್ತು. ಇಲ್ಲಿ ಮನೆಯವರಿಗೆ ಥ್ಯಾಂಕ್ಸ್ ಎಂದರೆ ಅವರನ್ನು ಹೊರಗಿನವರನ್ನಾಗಿ ಮಾಡಿದಂತೆ. ಹೀಗಾಗಿ ನನ್ನದು ಒಳಗೇ ಉಳಿದು ಬೆಳೆಯುತ್ತ ಹೋಯಿತು.

ಭಾವ ತೀರಿಕೊಂಡ ಮೇಲೆ ಅಕ್ಕ ಜೈನ ತ್ಯಾಗಿಗಳ, ಅಂದರೆ ಮುನಿ-ಮಾತಾಜಿಯರ, ಸಂಘ ಎಲ್ಲಿ ಇಳಿದರೂ ಅಲ್ಲಿಗೆ ಸೇವೆಗೆ ಹೋಗುವುದು ರೂಢಿಯಾಯಿತು. ಒಂದು ವರ್ಷ ಸಂಘದ ಚಾತುರ್ಮಾಸ ಕಾಗವಾಡದ ಕಡೆ ಇತ್ತು. ಮಳೆಗಾಲವೆಲ್ಲ ಅಲ್ಲೇ ಇದ್ದು ಬಂದವಳು, ಊಟಕ್ಕೆ ಕೂತಾಗ, ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ, ಕ್ಷುಲ್ಲಿಕಾ ದೀಕ್ಷೆ ತೆಗೆದುಕೊಳ್ಳುತ್ತೇನೆ ಎಂದಳು. ಹೆಣ್ಣುಮಕ್ಕಳು ಸಂಸಾರ ಬಿಟ್ಟು ಹೊರಡುವ ದಾರಿಯಲ್ಲಿ ಅದು ಮೊದಲ ಮೆಟ್ಟಿಲು. ಮೈಮೇಲೆ ಬಿಳಿ ಸೀರೆ, ಕೈಯಲ್ಲಿ ಹುಳುಹುಪ್ಪಟೆ ಮೆಲ್ಲಗೆ ಸರಿಸುವ ನವಿಲುಗರಿಯ ಪಿಂಛಿ, ದಿನಕ್ಕೊಂದು ಊಟ, ಬರಿಗಾಲ ನಡಿಗೆ. ಮನೆ ಇಲ್ಲ, ಬಳಗ ಇಲ್ಲ, ಹೆಸರು ಕೂಡ ಹೊಸದು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ತುತ್ತು ಕೆಳಗಿಟ್ಟರು. ಈ ವಯಸ್ಸಿನಲ್ಲಿ ಬರಿಗಾಲಲ್ಲಿ ನಡೆಯುವುದು ಹೇಗೆ ಎಂದು ಕೇಳಿದರು. ವಯಸ್ಸಾಯಿತೆಂದೇ ಅವಸರ ಮಾಡುತ್ತಿದ್ದೇನೆ ಎಂದಳು ಅಕ್ಕ. ರಾಯಬಾಗಕ್ಕೆ ಕೊಟ್ಟ ಅವಳ ಮಗಳು ಬಂದು ಎರಡು ದಿನ ಅತ್ತು, ಆಮೇಲೆ ಒಪ್ಪಿಗೆ ಕೊಟ್ಟಳು.

ಹೊರಡುವ ಮುಂಚೆ ಬಂಧುಬಳಗದ ಊರೂರಿನಲ್ಲೂ ಉಡಿ ತುಂಬುವ ರೂಢಿ ನಮ್ಮಲ್ಲಿದೆ. ಮದುಮಗಳಂತೆ ಮಣೆಯ ಮೇಲೆ ಕೂರಿಸಿ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುತ್ತಾರೆ. ಅವಳು ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾಳೆ. ಆ ತಿರುಗಾಟ ಶುರುವಾಗುವ ಮುಂಚೆ ಅಕ್ಕ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು. ರಿಟೈರ್ ಆದ ಮೇಲೆ ನಾನು ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಎಡಿಟಿಂಗ್ ಕಲಿತು, ಮಹಿಳಾ ಮಂಡಳದ ಭಜನೆ, ಹಪ್ಪಳ ಇಂಥ ಚಿಕ್ಕ ಚಿಕ್ಕ ವಿಡಿಯೊ ಮಾಡುತ್ತಿದ್ದೆ.

"ಮಂಡಳದವ್ರದು ಜೋಡಸ್ತಿಯಲ್ಲ, ಹಂಗ ನನಗೊಂದ ಜೋಡಿಸಿ ಕೊಡು," ಎಂದಳು. "ನಂದ ಬ್ಯಾಡ. ನನಗ ನೀರ ಕೊಟ್ಟವ್ರು, ನೆಳ್ಳ ಕೊಟ್ಟವ್ರು, ಅವರೆಲ್ಲಾ ಒಂದ ಕಡೆ ಬರಬೇಕು. ಮನಿ ಬಿಡೂದರಾಗ ಒಮ್ಮೆ ಎಲ್ಲಾರ ಮಕಾ ನೋಡ್ತೀನಿ. ನೋಡದನ ಬಿಡೂದ ಹ್ಯಾಂಗ?"

ದೀಕ್ಷೆಯಾದ ಮೇಲೆ ಅವಳು ಯಾವ ಪರದೆಯ ಮುಂದೆಯೂ ಕೂರುವವಳಲ್ಲ. ನನ್ನವರನ್ನು ತೋರಿಸಿ ಎಂದು ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಅಂದರೆ ಅವಳು ಹೊಸ್ತಿಲು ದಾಟುವುದರೊಳಗೆ ಫಿಲ್ಮ್ ಆಗಬೇಕು. ಆಮೇಲೆ ಅದು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ.

ಊರೂರು ತಿರುಗಿದೆವು. ದಿಗ್ಗೇವಾಡಿಯಲ್ಲಿ, ಹಿಂದೊಮ್ಮೆ ಕೃಷ್ಣೆ ಉಕ್ಕಿ ದಾರಿ ಮುಚ್ಚಿದಾಗ ಹೊಸ ಮದುವಣಗಿತ್ತಿ ಅಕ್ಕನನ್ನು ಮಗಳಂತೆ ಇರಿಸಿಕೊಂಡ ಮನೆಯ ಅಜ್ಜಿ ಇನ್ನೂ ಇದ್ದಳು, ಹಾಸಿಗೆ ಹಿಡಿದಿದ್ದಳು. ಮುಗಳಖೋಡದಲ್ಲಿ ಅಕ್ಕನ ಬಾಣಂತನ ಮಾಡಿದ ಸೂಲಗಿತ್ತಿ. ಅಥಣಿಯ ಆಚೆ ಅನಂತಪುರದಲ್ಲಿ ಅವಳ ಬಾಲ್ಯದ ಗೆಳತಿ, ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತು ಮಾತ್ರ ಎಲ್ಲ ಇವೆ. ನಿಪ್ಪಾಣಿಯಲ್ಲೇ ನಮ್ಮ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿಯುತ್ತಿದ್ದ ಮರಾಠಿ ಬಾಯಿ. ನಾನು ಫೋನ್ ಹಿಡಿದು ಎಲ್ಲರ ಹಿಂದೆ ಮುಂದೆ ಓಡಾಡಿದೆ. ಫೋನಿನಲ್ಲಿ ಬೆಸ್ಟ್ ಕ್ವಾಲಿಟಿ ಯಾವುದು ಎಂದು ಹುಡುಕಿ ಅದನ್ನೇ ಒತ್ತಿಟ್ಟಿದ್ದೆ. ಅಕ್ಕನಿಗೆ ಸೆಕೆಂಡ್ ಬೆಸ್ಟ್ ಯಾಕೆ?

ಆ ಬೆಸ್ಟೇ ತಲೆನೋವಾಯಿತು. ಅದು ಫೋರ್‌ಕೆ ವಿಡಿಯೊ, ಹಳೆ ಡಬ್ಬಿಗೆ ನುಂಗಲಾರದ ತುತ್ತು. ದಿಗ್ಗೇವಾಡಿಯ ಅಜ್ಜಿ ಒಮ್ಮೆ ಕಣ್ಣು ಮಿಟುಕಿಸಲು ನಾನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಆಮೇಲೆ ಪರದೆ ಬೆಳ್ಳಗಾಗಿ, 'ನಾಟ್ ರೆಸ್ಪಾಂಡಿಂಗ್'. ಅಜ್ಜಿಯೇ ತೀರಿಕೊಂಡಳೇನೋ ಎನ್ನುವಂತೆ ನಾನು ಕುರ್ಚಿಯಿಂದ ಎದ್ದುಬಿಡುತ್ತಿದ್ದೆ.

ಇನ್ನು ಇದರಿಂದ ಆಗದು, ಹೊಸದು ಬೇಕು ಎಂದೆ. ನಮ್ಮ ಮನೆಯವರು ತಾವೇ ಹೋಗಿ ತರುತ್ತೇನೆಂದರು. ವೈನಿಯ, ಅಂದರೆ ಅತ್ತಿಗೆಯ, ಸಲುವಾಗಿ ಏನಾದರೂ ಮಾಡಬೇಕೆಂದು ಅವರ ಜೀವವೂ ಚಡಪಡಿಸುತ್ತಿತ್ತು. ಬೆಳಿಗ್ಗೆ ಕೋಟು ಹಾಕಿಕೊಂಡು ಹೋದವರು ಮಧ್ಯಾಹ್ನ ರಿಕ್ಷಾದಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದಿಗೆ ಇಳಿದರು. ಅಂಗಡಿಯವನು ಹಲವು ತೋರಿಸಿದನಂತೆ. ಇವರು ಕೇಳಿದ್ದು ಒಂದೇ ಪ್ರಶ್ನೆ: ಯಾವುದರಲ್ಲಿ ಮಾಲು ಹೆಚ್ಚು ಹಿಡಿಸುತ್ತದೆ? ನಾಲ್ಕು ಟೆರಾಬೈಟ್ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು.

"ಇದರಾಗ ಇಡೀ ನಿಪ್ಪಾಣಿ ತುಂಬಬಹುದು, ಮತ್ತೂ ಜಾಗಾ ಉಳೀತೈತಿ," ಎಂದರು.

ತಪ್ಪು ಅವರದೆಂದು ಹೇಗೆ ಹೇಳಲಿ? ನಮ್ಮ ಮಾವನ ಕಾಲದಿಂದ ಈ ಊರಿನಲ್ಲಿ ಯಾರ ತಾಕತ್ತು ಎಷ್ಟು ಎಂದು ಕೇಳಿದರೆ ಜನ ವಖಾರಿ ತೋರಿಸುತ್ತಿದ್ದರು. ಯಾರ ವಖಾರಿಯಲ್ಲಿ ಎಷ್ಟು ಬೋದು, ಅಂದರೆ ಮೂಟೆ, ತಂಬಾಕು ಹಿಡಿಸುತ್ತದೋ ಅವನು ಅಷ್ಟು ದೊಡ್ಡವನು. ಹೆಣ್ಣು ಕೊಡುವವರೂ ಮೊದಲು ವಖಾರಿಯ ಬಾಗಿಲು ನೋಡಿ ಆಮೇಲೆ ಹುಡುಗನ ಮುಖ ನೋಡುತ್ತಿದ್ದರು. ನನ್ನ ತಂದೆಯೂ ನೋಡಿದ್ದರು ಎಂದು ಕಾಣುತ್ತದೆ. ಅಂಥ ಮನೆಯ ಮನುಷ್ಯ ಕಂಪ್ಯೂಟರಿನ ಪವರ್ ಅಳೆಯಲು ಬೇರೆ ಯಾವ ಗಜಕಡ್ಡಿ ಹಿಡಿದಾರು?

ಹೊಸ ಯಂತ್ರ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿತು. ತೇಗು ಕೂಡ ಬರಲಿಲ್ಲ. ಆದರೆ ಎಡಿಟಿಂಗ್ ಶುರುಮಾಡಿದರೆ ಮತ್ತೆ ಅದೇ ಕತೆ. ಎರಡು ವಿಡಿಯೊ ಪಕ್ಕ ಪಕ್ಕ ಇಟ್ಟರೆ ಮೂರನೆಯದಕ್ಕೆ ನಿಂತುಬಿಡುತ್ತಿತ್ತು. ಅನಂತಪುರದ ಗೆಳತಿಯ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಹೊರಡುವ ದಿನ ಹತ್ತಿರ ಬರುತ್ತಿತ್ತು. ಅಕ್ಕ ತನ್ನ ಸೀರೆಗಳನ್ನು ಒಂದೊಂದಾಗಿ ಹಂಚುತ್ತಿದ್ದಳು, ನಾನು ಮೌಸ್ ಹಿಡಿದು ಕೂತಲ್ಲೇ ಕೂತಿದ್ದೆ. ಒಂದು ದಿನ ಹಿಂದೆ ನಿಂತು ನೋಡಿದಳು. ಆಗದಿದ್ದರೆ ಬಿಡು, ಮನಸ್ಸಿನಲ್ಲೇ ನೋಡಿಕೊಳ್ಳುತ್ತೇನೆ ಎಂದಳು. ಬೇಸರವಿಲ್ಲದೆ ಹೇಳಿದಳು. ನನಗೆ ಅದೇ ಹೆಚ್ಚು ಚುಚ್ಚಿತು.

ಚಿಕ್ಕೋಡಿಯಲ್ಲಿ ಮದುವೆ ವಿಡಿಯೊ ಮಾಡುವ ಒಬ್ಬ ಹೆಣ್ಣುಮಗಳ ಸ್ಟುಡಿಯೊ ಇದೆ, ಎಡಿಟಿಂಗ್ ಕಂಪ್ಯೂಟರನ್ನೂ ಅವಳೇ ಜೋಡಿಸಿ ಕೊಡುತ್ತಾಳೆ ಎಂದು ಮಂಡಳದಲ್ಲಿ ಯಾರೋ ಹೇಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಯಂತ್ರಕ್ಕೆ ರಗ್ಗು ಹೊದಿಸಿ, ಕೂಸನ್ನು ಹಿಡಿದಂತೆ ಹಿಡಿದುಕೊಂಡು ಹೋದೆ. ಮನೆಯವರೂ ಬಂದರು, ಸ್ವಲ್ಪ ಗುರ್ ಎನ್ನುತ್ತಲೇ.

ಆಕೆ ನಲವತ್ತರ ಆಸುಪಾಸಿನವಳು, ಮದುವೆ ಸೀಜನ್ನಿನಲ್ಲಿ ಕೂಗಿ ಕೂಗಿ ಒಡೆದ ದನಿ. ಮೊದಲು ಡಬ್ಬಿ ಬಿಚ್ಚಲಿಲ್ಲ, ನನ್ನನ್ನು ಬಿಚ್ಚಿದಳು. ಯಾವ ಫೋನಿನಲ್ಲಿ ತೆಗೆದದ್ದು, ಎಷ್ಟು ಹೊತ್ತಿನದು, ಒಂದರ ಮೇಲೊಂದು ಎಷ್ಟು ವಿಡಿಯೊ ಇಡುತ್ತೀರಿ, ಎಲ್ಲಿ ತೋರಿಸುತ್ತೀರಿ, ಯಾವಾಗ ಬೇಕು. ಯಾರಿಗಾಗಿ ಎಂದೂ ಕೇಳಿದಳು, ಹೇಳಿದೆ. ಆಮೇಲೆ ಯಂತ್ರ ಚಾಲೂ ಮಾಡಿ ನನ್ನ ಪ್ರಾಜೆಕ್ಟ್ ತೆರೆದು, ಪಕ್ಕದಲ್ಲಿ ಇನ್ನೊಂದು ಕಿಟಕಿಯಲ್ಲಿ ಓಡುವ ಗೆರೆಗಳನ್ನು ತೋರಿಸಿದಳು. ಒಂದು ಗೆರೆ ಏರಿ ಏರಿ ಮಾಳಿಗೆಗೆ ತಲೆ ತಾಗಿಸಿಕೊಂಡು ನಿಂತಿತ್ತು.

"ಮೇಡಂ, ಹಾರ್ಡ್ ಡಿಸ್ಕಿನ್ಯಾಗ ವಿಡಿಯೊ ಮಲಗತಾವ್ರಿ. ಕೆಲಸಾ ಮಾಡಾಕ ಎದ್ದ ಬರೂದು ಈ ರ‍್ಯಾಮಿಗೆ. ಇಲ್ಲಿ ಕಾಲ ಇಡಾಕ ಜಾಗಾ ಇಲ್ರಿ."

ನಮ್ಮ ಮನೆಯವರ ಮುಖ ಸಣ್ಣದಾಯಿತು. ಅವರಿಗೆ ರ‍್ಯಾಮು ಗೊತ್ತಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆಕೆ ಹೇಳಿದ ಕೂಡಲೇ ನನಗೆ ಕಂಡದ್ದು ನಮ್ಮ ವಖಾರಿಯ ಮುಂದಿನ ಅಂಗಳ. ಬೋದು ಬಿಚ್ಚಿ, ತಂಬಾಕು ಹರವಿ, ಹೆಂಗಸರು ಸಾಲಾಗಿ ಕೂತು ಜರಡಿ ಹಿಡಿಯುತ್ತಿದ್ದ ಅಂಗಳ. ಅವರಿಗೆ ಅದನ್ನೇ ಹೇಳಿದೆ. ಮಾಲು ಎಷ್ಟಿದ್ದರೇನು, ಹರವಲು ಅಂಗಳ ಬೇಡವೇ? ಅಂಗಳ ಎಂದರೆ ರ‍್ಯಾಮ್. ಜರಡಿ ಹಿಡಿಯುವ ಕೈಗಳು ಎಂದರೆ ಪ್ರೊಸೆಸರ್. ಚಿತ್ರದ ಕೆಲಸಕ್ಕೇ ಬೇರೆ ಗುಂಪು ಬೇಕು, ಅದು ಗ್ರಾಫಿಕ್ಸ್ ಕಾರ್ಡ್.

ಅವರು ಪರದೆಯ ಮೇಲಿನ ಆ ಗೆರೆಯನ್ನು ಬಗ್ಗಿ ನೋಡಿದರು.

"ಅಂದ್ರ ನಾ ವಖಾರಿ ತಂದೇನಿ, ಅಂಗಳಾ ಬಿಟ್ಟ ಬಂದೇನಿ," ಎಂದರು. ಆಮೇಲೆ ಆಕೆಯ ಕಡೆ ತಿರುಗಿ, "ಹಂಗಾರ ವಖಾರಿ ಒಂದೀಟ ತಗೋಳ್ರಿ, ಅಂಗಳಾ ಕೊಡ್ರಿ."

ಆಕೆ ನಕ್ಕ ನಗು ಬೀದಿಗೆ ಕೇಳಿಸಿರಬೇಕು. ಯಂತ್ರ ಪೂರ್ತಿ ಬದಲಿಸಬೇಕಾಗಿಲ್ಲ, ಕೈಗಳು ಗಟ್ಟಿ ಇವೆ ಎಂದಳು. ಎಂಟು ಜಿಬಿ ಇದ್ದ ರ‍್ಯಾಮನ್ನು ಮೂವತ್ತೆರಡು ಮಾಡಿದಳು, ಗ್ರಾಫಿಕ್ಸ್ ಕಾರ್ಡ್ ಹಾಕಿದಳು. ಕಾರ್ಡಿಗೆ ಕರೆಂಟ್ ಸಾಲದೆಂದು ಪವರ್ ಸಪ್ಲೈ ಡಬ್ಬಿಯನ್ನೂ ಬದಲಿಸಿದಳು. ಆ ಭಾರಿ ಹಾರ್ಡ್ ಡಿಸ್ಕನ್ನು ಬಿಚ್ಚಿಕೊಂಡು, ಅದರ ಜಾಗಕ್ಕೆ ಚಿಕ್ಕದು ಆದರೆ ಚುರುಕಾದ ಎಸ್‌ಎಸ್‌ಡಿ ಕೂರಿಸಿ, ನನ್ನ ವಿಡಿಯೊಗಳನ್ನೆಲ್ಲ ಅದಕ್ಕೆ ಇಳಿಸಿದಳು. ಅರವತ್ತನಾಲ್ಕು ಜಿಬಿ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಮ್ಮ ಮನೆಯವರ ಹಳೆಯ ರೋಗ ಮತ್ತೆ ತಲೆಯೆತ್ತಿತು. ನಿಮ್ಮ ಕೆಲಸಕ್ಕೆ ಇಷ್ಟು ಸಾಕು, ಹೆಚ್ಚಿನದು ಶೋಕಿ ಎಂದಳು. ಮಾರುವವರ ಬಾಯಲ್ಲಿ 'ಸಾಕು' ಎಂಬ ಮಾತು ನಾನು ಹೆಚ್ಚು ಕೇಳಿಲ್ಲ. ಆ ದಿನ ಕೇಳಿದೆ. ಗಾಡ್ ಬ್ಲೆಸ್ ಹರ್. ತನ್ನ ಬಾಕಿ ಮದುವೆಗಳನ್ನು ಪಕ್ಕಕ್ಕಿಟ್ಟು, ನಾವು ಅಲ್ಲೇ ಕೂತಿರುವಾಗಲೇ ಎಲ್ಲ ಮಾಡಿಕೊಟ್ಟಳು. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿ ಊಟ ಮಾಡಬೇಕಲ್ಲ ನೀವು ಎಂದು ತಾನೇ ನೆನಪಿಸಿ ಅವಸರ ಮಾಡಿದಳು.

ಮಾರನೆಯ ಬೆಳಿಗ್ಗೆ ದಿಗ್ಗೇವಾಡಿಯ ಅಜ್ಜಿ ಕಣ್ಣು ಮಿಟುಕಿಸಿದಳು. ಸರಿಯಾಗಿ, ಮನುಷ್ಯರು ಮಿಟುಕಿಸುವಂತೆ. ನಾನು ಮೂರು ನಾಲ್ಕು ಸಲ ಹಿಂದೆ ಹೋಗಿ ಅದನ್ನೇ ನೋಡಿದೆ.

ಮೊದಲ ಕಟ್ ಬೇಗ ಮುಗಿಯಿತು. ಅಕ್ಕನನ್ನು ಕೂರಿಸಿ ತೋರಿಸಿದೆ. ನನಗೆ ಸ್ವಲ್ಪ ಪ್ರೈಡ್ ಇತ್ತು. ಒಬ್ಬೊಬ್ಬರೂ ಕೂತು ಅಕ್ಕನ ಬಗ್ಗೆ ಹೇಳುತ್ತಿದ್ದರು. ಆಕಿಯಂಥಾಕಿ ಇಲ್ಲ, ದೇವರಂಥಾಕಿ, ನಮ್ಮ ಮನಿ ದೀಪ. ಸೂಲಗಿತ್ತಿ ಅತ್ತೇಬಿಟ್ಟಿದ್ದಳು. ಅಕ್ಕ ಅರ್ಧಕ್ಕೇ ಕೈ ಎತ್ತಿದಳು.

"ಇದ ನಂದ ಆತಲ್ಲ. ಅವರದೆಲ್ಲಿ?"

ಅವರು ಹೇಳಿದ್ದನ್ನೇ ಇಟ್ಟಿದ್ದೇನೆ ಎಂದೆ. "ಹೊಗಳಿದ್ದೆಲ್ಲಾ ತಗಿ," ಎಂದಳು. "ಅದನ್ನ ಕೇಳಕೋತ ಕುಂತ್ರ ನಾ ಎಲ್ಲಿ ಹೋಗ್ಲಿ? ಇಲ್ಲೇ ಉಳೀತೀನಿ."

ಹೊಗಳಿಕೆ ತೆಗೆದರೆ ಉಳಿಯುವುದೇನು? ಎಲ್ಲರೂ ಅದನ್ನೇ ಹೇಳಿದ್ದರು. ಮೊದಲಿನಿಂದ ಶುರುಮಾಡಬೇಕು, ಇದ್ದದ್ದು ಎರಡು ಹಗಲು. ಹಳೆ ಡಬ್ಬಿ ಇದ್ದಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದೆ. ಎಷ್ಟೋ ಸಲ ತಪ್ಪಿ, ಎಷ್ಟೋ ಸಲ ಹಿಂದಕ್ಕೆ ಹೋಗಿ ಮತ್ತೆ ಮಾಡುವ ಧೈರ್ಯ ಕೊಟ್ಟದ್ದು ಆ ಅಂಗಳವೇ. ಪವರ್ ಎಂದರೆ ಸ್ಪೀಡ್ ಎಂದುಕೊಂಡಿದ್ದೆ. ಅದು ಸೆಕೆಂಡ್ ಚಾನ್ಸ್ ಕೂಡ.

ಮಾತನ್ನೆಲ್ಲ ಕತ್ತರಿಸಿ, ಮಾತಿನ ಅಂಚುಗಳನ್ನು ಹುಡುಕಿದೆ. ಮಾತು ಶುರುವಾಗುವ ಮುಂಚೆ ಸೆರಗು ಸರಿಪಡಿಸಿಕೊಂಡದ್ದು. ಮುಗಿದ ಮೇಲೆ "ಆತೇನ? ಚಾ ಕುಡೀರಿ ಇನ್ನ" ಎಂದದ್ದು. ದಿಗ್ಗೇವಾಡಿಯ ಅಜ್ಜಿ ಮಲಗಿದಲ್ಲಿಂದಲೇ ನನ್ನ ಫೋನಿನ ಹಿಂದೆ ನಿಂತಿದ್ದ ಅಕ್ಕನಿಗೆ ಹಾಸಿಗೆಯ ಅಂಚು ತಟ್ಟಿ ಕೂರಲು ಕರೆದದ್ದು. ಸೂಲಗಿತ್ತಿ ಮೂಗು ಒರೆಸಿಕೊಂಡು, ಅಂಗಳದ ಕೋಳಿ ಓಡಿಸಲು ಎದ್ದು ಹೋದದ್ದು. ಅನಂತಪುರದ ಗೆಳತಿ ಹೊಲದಿಂದ ಹಸಿ ಕಡಲೆ ಕಿತ್ತು ಸುಲಿದು ಕೈಯಲ್ಲಿ ಇಟ್ಟದ್ದು. ಮರಾಠಿ ಬಾಯಿ ಬಾಗಿಲವರೆಗೆ ಬಂದು, ವೈನಿ ನೀವು ನಿಶ್ಚಿಂತೆಯಿಂದ ಹೋಗಿ, ನಾವಿದ್ದೇವೆ ಎಂಬುದನ್ನು "ತುಮ್ಹಿ ಜಾ ವೈನಿ, ಆಮ್ಹಿ ಆಹೋತ" ಎಂದಷ್ಟರಲ್ಲೇ ಮುಗಿಸಿದ್ದು. ಇವೆಲ್ಲ ನಾನು ಫೋನ್ ಬಂದ್ ಮಾಡಲು ಮರೆತಾಗ ಸಿಕ್ಕವು. ವರ್ಷಗಟ್ಟಲೆ ಪೇಪರ್ ತಿದ್ದಿದ ಕೈ, ಬರೆದದ್ದಕ್ಕೇ ಮಾರ್ಕ್ಸ್ ಕೊಟ್ಟು ರೂಢಿ. ಮಾರ್ಜಿನ್ನಿನಲ್ಲಿ ಇಷ್ಟೆಲ್ಲ ಇರುತ್ತದೆಂದು ಅಕ್ಕ ತೋರಿಸಿದಳು.

ಎರಡನೆಯ ದಿನ ಮಧ್ಯಾಹ್ನ ಕೊನೆಯ ಗುಂಡಿ ಒತ್ತಿದೆ. ಅಕ್ಕ ಒಳಗೆ ಸಾಮಾಯಿಕಕ್ಕೆ ಕೂತಳು. ಅವಳು ಎದ್ದು ಬರುವುದರೊಳಗೆ ಫಿಲ್ಮ್ ತಯಾರಾಗಿತ್ತು.

ಅಂದೇ, ಹೊರಡುವ ಮುನ್ನಾದಿನ, ಸಂಜೆಯ ಊಟವಾದ ಮೇಲೆ, ಖಾಲಿಯಾಗಿ ಬಿದ್ದಿದ್ದ ಹಳೆ ವಖಾರಿಯಲ್ಲೇ ತೋರಿಸಿದೆವು. ಬಾಗಿಲು ಹಾಕಿದರೆ ಹಗಲಲ್ಲೂ ಅಲ್ಲಿ ಕತ್ತಲೆ, ಗೋಡೆಗೆ ಇನ್ನೂ ತಂಬಾಕಿನ ಘಾಟು. ನಮ್ಮ ಮನೆಯವರು ಬಿಳಿ ಚಾದರ ಕಟ್ಟಿ, ಮಂಡಳದ ಪ್ರೊಜೆಕ್ಟರ್ ತಂದಿಟ್ಟರು. ನೋಡಿದವರು ಅಕ್ಕ, ಅವಳ ಮಗಳು, ನಾವಿಬ್ಬರು. ಒಂದೊಂದು ಮುಖ ಬಂದಾಗಲೂ ಅಕ್ಕ ಕೂತಲ್ಲೇ ಕೈಮುಗಿಯುತ್ತಿದ್ದಳು. ಮುಖ ಹೋದ ಮೇಲೆ ಕೈ ಇಳಿಸುತ್ತಿದ್ದಳು. ಮುಂದಿನದಕ್ಕೆ ಮತ್ತೆ ಎತ್ತುತ್ತಿದ್ದಳು. ಮುಗಿದಾಗ ಮಗಳು ಎದ್ದು ಬಾಗಿಲು ತೆರೆಯಲು ಹೋದಳು, ಇವರು ವೈರ್ ಸುತ್ತಲು ಹೋದರು. ಅಕ್ಕ ನನ್ನ ಕಡೆ ತಿರುಗಿದಳು.

"ಎಲ್ಲಾರೂ ಬಂದ್ರು. ನೀ ಒಬ್ಬಾಕಿ ಬರ್ಲಿಲ್ಲ."

"ನಾ ಫೋನ್ ಹಿಡಕೊಂಡಿದ್ನೆಲ್ಲ, ಅಕ್ಕಾ."

"ಅದಕ್ಕ. ಇಲ್ಲಿ ಕೂಡು."

ಎದುರಿಗೆ ಕೂರಿಸಿಕೊಂಡಳು. ತೆರೆದ ಬಾಗಿಲಿನಿಂದ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಗದ್ದ ಹಿಡಿದು ಸ್ವಲ್ಪ ತಿರುಗಿಸಿದಳು. ನೋಡಿದಳು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಒಳಗಿದ್ದದ್ದು ಈಗಲಾದರೂ ಹೊರಗೆ ಬರಲಿ ಎಂದು, "ಅಕ್ಕಾ, ಥ್ಯಾಂಕ್..." ಎಂದೆ.

"ಅದನ್ನೂ ಕಟ್ ಮಾಡು, ಟೀಚರಬಾಯಿ," ಎಂದಳು. ನಗುತ್ತಲೇ ಹೇಳಿದಳು. ಆಮೇಲೆ ನನಗೂ ಕೈಮುಗಿದಳು, ಚಾದರದ ಮೇಲಿನ ಮುಖಗಳಿಗೆ ಮುಗಿದಂತೆಯೇ. ಇಳಿಸಿದಳು.

ದೀಕ್ಷೆಯ ದಿನ ಜನಜಂಗುಳಿಯಲ್ಲಿ ನನಗೆ ಸರಿಯಾಗಿ ಏನೂ ಕಾಣಲಿಲ್ಲ. ಕಂಡದ್ದು ಆಮೇಲೆ, ಸಂಘ ಮಹಾರಾಷ್ಟ್ರದ ಕಡೆ ಕಾಲ್ನಡಿಗೆಯ ವಿಹಾರ ಹೊರಟ ಬೆಳಿಗ್ಗೆ. ಕಾಗವಾಡದ ಆಚೆ, ದ್ರಾಕ್ಷಿ ತೋಟಗಳ ನಡುವಿನ ದಾರಿಯ ಪಕ್ಕ ನಾವು ಉಳಿದವರೊಂದಿಗೆ ಸಾಲಾಗಿ ನಿಂತಿದ್ದೆವು. ಹೊತ್ತು ಆಗಷ್ಟೇ ಹುಟ್ಟಿತ್ತು. ಮಾತಾಜಿಯವರು ಒಬ್ಬರ ಹಿಂದೊಬ್ಬರು ಬಂದರು, ಕೊನೆಯವರು ಅವರು, ಮೊನ್ನೆಯವರೆಗೆ ನಮ್ಮ ಅಕ್ಕನಾಗಿದ್ದವರು. ತಲೆ ಬೋಳು, ಬಿಳಿ ಸೀರೆ, ಕಾಲಿಗೆ ಆಗಲೇ ಧೂಳು. ಜೀವನಪೂರ್ತಿ ವೈನಿ ಎಂದ ನಮ್ಮ ಮನೆಯವರು ಬಗ್ಗಿ "ಇಚ್ಛಾಮಿ ಮಾತಾಜಿ" ಎಂದರು. ನಾನೂ ಅಂದೆ. ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ನಮ್ಮ ಪಕ್ಕದಲ್ಲಿದ್ದ ಗುರುತಿಲ್ಲದ ರೈತ ಹೆಂಗಸಿಗೂ ಅಷ್ಟೇ, ಅದೇ ಕೈ, ಅದೇ ನಗೆ. ಕಣ್ಣು ಯಾರ ಮುಖದ ಮೇಲೂ ನಿಲ್ಲಲಿಲ್ಲ, ನಾಲ್ಕು ಮೊಳ ಮುಂದಿನ ನೆಲದ ಮೇಲಿತ್ತು. ಅಲ್ಲೊಂದು ಇರುವೆ ಸಾಲು ದಾರಿ ದಾಟುತ್ತಿತ್ತು. ಅವರು ನಿಂತರು, ಜಾಗ ನೋಡಿಕೊಂಡು ಸೀರೆ ಸ್ವಲ್ಪ ಎತ್ತಿ ದಾಟಿದರು, ಮುಂದೆ ನಡೆದರು.